ವಸಡು ಸರಿದು ಹಲ್ಲಿನ ಬೇರು ಕಾಣುತ್ತಿದೆ: ಕ್ಲೀನಿಂಗೋ, ಕಸಿಯೋ, ಮನೆಮದ್ದೋ?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಮೇಲಿನ ಎಡಗಡೆಯ ಕೋರೆಹಲ್ಲು ಅಕ್ಕಪಕ್ಕದವುಗಳಿಗಿಂತ ಉದ್ದವಾಗಿ ಕಾಣುತ್ತಿದೆ. ಬೆಳಕಿಗೆ ಹಿಡಿದು ನೋಡಿದರೆ ಬೆಳೆದಿರುವುದು ಹಲ್ಲಲ್ಲ, ವಸಡೇ ಮೇಲಕ್ಕೆ ಸರಿದಿದೆ. ಬುಡದಲ್ಲಿ ಹಳದಿ ಭಾಗ ಬಯಲಾಗಿದೆ, ಉಗುರು ಆಡಿಸಿದರೆ ಅಲ್ಲೊಂದು ಸಣ್ಣ ಕೊರಕಲು ಸಿಗುತ್ತದೆ. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ರಕ್ತವಿಲ್ಲ, ಕೀವಿಲ್ಲ, ಹಲ್ಲು ಅಲುಗಾಡುವುದಿಲ್ಲ.

ಒಬ್ಬ ದಂತವೈದ್ಯರು ಕ್ಲೀನಿಂಗ್ ಮಾಡಿಸಿದರೆ ಸಾಕು ಎಂದರು. ಇನ್ನೊಬ್ಬರು ಬಾಯಿಯನ್ನು ಒಂದು ನಿಮಿಷವೂ ನೋಡದೆ ಅಂಗುಳದಿಂದ ಚರ್ಮ ತೆಗೆದು ಕಸಿ ಮಾಡಬೇಕು, ಮುಂದಿನ ವಾರ ಬನ್ನಿ ಎಂದರು. ನಮ್ಮ ಅತ್ತೆಯವರು, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಉಪ್ಪು ಅರಿಶಿನ ಹಚ್ಚು, ಸುಮ್ಮನಿರು ಎನ್ನುತ್ತಾರೆ. ಹೋದ ವಸಡು ತಿರುಗಿ ಬರುತ್ತದೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ತಿಪಟೂರು ಮೇಷ್ಟ್ರು
ನಿಮ್ಮ ಅತ್ತೆಯವರ ಮಾತು ಕೇಳಿ ತಾಯಿ. ಅಷ್ಟೇ ಹೇಳುತ್ತೇನೆ.

ಮಂಗಳೂರು ಮಳೆ
ಹೇಮಾವತಿ ಅವರೇ, ನೀವು ಬಲಗೈಯಲ್ಲಿ ಉಜ್ಜುತ್ತೀರಲ್ಲವೇ? ಬ್ರಷ್ ಯಾವುದು, ಮೆತ್ತನೆಯದೋ ಗಟ್ಟಿಯದೋ?

ಹೇಮಾವತಿ ದಂಡೆ
ಹೌದು, ಬಲಗೈ. ಬ್ರಷ್ ಗಟ್ಟಿಯದೇ. ಮೆತ್ತನೆಯದರಲ್ಲಿ ಉಜ್ಜಿದಂತೆಯೇ ಅನಿಸುವುದಿಲ್ಲ. ದಿನಕ್ಕೆ ಎರಡು ಹೊತ್ತು, ಚೆನ್ನಾಗಿ ಒತ್ತಿ ಉಜ್ಜುತ್ತೇನೆ. ಬ್ರಷ್‌ಗೂ ಇದಕ್ಕೂ ಏನು ಸಂಬಂಧ?

ಬೆಣ್ಣೆನಗರಿ ದಂತವೈದ್ಯೆ
ಬಹಳ ಸಂಬಂಧವಿದೆ. ನಾನು ವಸಡಿನ ಚಿಕಿತ್ಸೆಯನ್ನೇ ಓದಿಕೊಂಡವಳು, ದಾವಣಗೆರೆಯಲ್ಲಿದ್ದೇನೆ. ಬಾಯಿ ನೋಡದೆ ನಿಮಗೆ ಇಂಥದ್ದೇ ಎಂದು ಹೇಳುವುದಿಲ್ಲ, ಆದರೆ ದಾರಿ ಹೇಳಬಲ್ಲೆ.

ವಸಡು ಸರಿಯುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಉಜ್ಜುವ ಪೆಟ್ಟು. ಎರಡು, ವಸಡಿನ ರೋಗ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಮಾಡಬೇಕಾದದ್ದು ಮಾತ್ರ ಬೇರೆ ಬೇರೆ. ಬಲಗೈಯವರು ಬ್ರಷ್ ಹಿಡಿದಾಗ ಹೆಚ್ಚು ಒತ್ತಡ ಬೀಳುವುದು ಎಡಗಡೆಯ ಕೋರೆಹಲ್ಲು ಮತ್ತು ಅದರ ಹಿಂದಿನ ಒಂದೆರಡು ಹಲ್ಲುಗಳ ಮೇಲೆ. ಕೋರೆಹಲ್ಲು ಸಾಲಿನಿಂದ ಸ್ವಲ್ಪ ಮುಂದಕ್ಕೆ ಉಬ್ಬಿರುತ್ತದೆ, ಅದರ ಮುಂಭಾಗದ ಮೂಳೆಯೂ ವಸಡೂ ತೆಳ್ಳಗೆ. ಹಲ್ಲಿನ ಹೊರಪದರವಾದ ಎನಾಮೆಲ್ ಎಷ್ಟೋ ಗಟ್ಟಿ, ಆದರೆ ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ, ಹಾಗಾಗಿ ಅಡ್ಡಡ್ಡ ಉಜ್ಜಿದಾಗ ಅಲ್ಲಿ ನೀವು ಹೇಳಿದ ಕೊರಕಲು ಬೀಳುತ್ತದೆ. ರಕ್ತವಿಲ್ಲ, ಒಂದೇ ಕಡೆ, ಬುಡದಲ್ಲಿ ಕೊರಕಲು. ನೀವು ಬರೆದ ಲಕ್ಷಣಗಳು ಹೆಚ್ಚಾಗಿ ಮೊದಲನೆಯ ಕಾರಣದ ಕಡೆಗೇ ಬೊಟ್ಟು ಮಾಡುತ್ತವೆ.

ಆದರೆ ಇದನ್ನು ಖಚಿತಪಡಿಸಿಕೊಳ್ಳಬೇಕಾದರೆ ಮಿಲಿಮೀಟರ್ ಗುರುತಿರುವ ಸಪೂರ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ವಸಡಿನ ಸಂದಿನ ಆಳ ಅಳೆಯಬೇಕು. 1ರಿಂದ 3 ಮಿಲಿಮೀಟರ್ ಸಹಜ. 4 ಅಥವಾ ಅದಕ್ಕಿಂತ ಹೆಚ್ಚಿದ್ದು ತಾಗಿಸಿದೊಡನೆ ರಕ್ತ ಬಂದರೆ ರೋಗದ ಅನುಮಾನ. ಇಬ್ಬರಲ್ಲಿ ಯಾರಾದರೂ ಅಳೆದರೇ?

ಹೇಮಾವತಿ ದಂಡೆ
ಇಬ್ಬರೂ ಅಳೆಯಲಿಲ್ಲ ಡಾಕ್ಟರೇ.

ಬೆಣ್ಣೆನಗರಿ ದಂತವೈದ್ಯೆ
ಹಾಗಾದರೆ ಕಸಿಗೆ ಒಪ್ಪಿಗೆ ಕೊಡಬೇಡಿ. ಅಳೆಯದೆ ಕಸಿಯ ಮಾತೆತ್ತುವುದು ಸರಿಯಲ್ಲ. ಮೊದಲು ಅಳತೆ, ಬೇಕಾದರೆ ಎಕ್ಸ್‌ರೇ, ಆಮೇಲೆ ಉಳಿದದ್ದು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ದೊಡ್ಡವರಲ್ಲಿ ಸರಿದ ವಸಡು ತಾನಾಗಿ ಬೆಳೆದು ಬೇರನ್ನು ಮತ್ತೆ ಮುಚ್ಚುತ್ತದೆ ಎಂದು ನಂಬಿಕೊಂಡು ಕೂರಬಾರದು. ಎಣ್ಣೆ, ಪುಡಿ, ಪೇಸ್ಟ್ ಯಾವುದೂ ಅದನ್ನು ತಿರುಗಿ ತರುವುದಿಲ್ಲ. ಇನ್ನಷ್ಟು ಸರಿಯದಂತೆ ತಡೆಯುವುದು ಮಾತ್ರ ಬಹುತೇಕ ಜನರಲ್ಲಿ ಸಾಧ್ಯ.

ಕಷಾಯಪ್ರಿಯ
ಡಾಕ್ಟರ್ ಮೇಡಂ, ಒಂದೇ ಏಟಿಗೆ ಎಲ್ಲವನ್ನೂ ತಳ್ಳಿಹಾಕಬೇಡಿ. ಆಯುರ್ವೇದದಲ್ಲಿ ಗಂಡೂಷ, ಕವಲ ಎಂದು ಎಣ್ಣೆ ಮುಕ್ಕಳಿಸುವ ವಿಧಾನ ಸಾವಿರಾರು ವರ್ಷಗಳಿಂದ ಇದೆ. ನಾನು ಬೆಳಿಗ್ಗೆ ಎಳ್ಳೆಣ್ಣೆ ಮುಕ್ಕಳಿಸುತ್ತೇನೆ, ತ್ರಿಫಲಾ ಕಷಾಯದಿಂದ ಬಾಯಿ ತೊಳೆಯುತ್ತೇನೆ. ವಸಡಿನ ರಕ್ತ ನಿಂತದ್ದು ಇದರಿಂದಲೇ.

ಬೆಣ್ಣೆನಗರಿ ದಂತವೈದ್ಯೆ
ಎಣ್ಣೆ ಮುಕ್ಕಳಿಸಿದರೆ ಹಾನಿಯಿಲ್ಲ, ಅದರಿಂದ ಹಿತವೆನಿಸುವವರಿಗೆ ಬೇಡ ಎನ್ನುವುದಿಲ್ಲ. ಬೆಚ್ಚಗಿನ ಉಪ್ಪುನೀರೂ ಊದಿಕೊಂಡ ವಸಡಿಗೆ ತಾತ್ಕಾಲಿಕ ಆರಾಮ ಕೊಡುತ್ತದೆ. ನನ್ನ ತಕರಾರು ಎರಡು. ಮುಕ್ಕಳಿಸಿದೆವು ಎಂದು ಉಜ್ಜುವುದನ್ನು ಬಿಡಬಾರದು. ಗಾರೆ, ಅಂದರೆ ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕೂತ ಕೊಳೆ, ಯಾವ ಕಷಾಯಕ್ಕೂ ಕರಗುವುದಿಲ್ಲ, ಅದನ್ನು ಉಪಕರಣದಿಂದಲೇ ತೆಗೆಯಬೇಕು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ನೆನೆಸಿ ನೇರವಾಗಿ ವಸಡಿಗೆ ಒತ್ತಿಕೊಳ್ಳುವುದಂತೂ ಬೇಡವೇ ಬೇಡ, ವಸಡು ಸುಟ್ಟು ಬಿಳಿಚಿಕೊಂಡು ಬಂದವರನ್ನು ನೋಡಿದ್ದೇನೆ. ಹರಳುಪ್ಪು ಹಾಕಿ ಬೆರಳಲ್ಲಿ ಉಜ್ಜುವುದೂ ಸವೆಸುತ್ತದೆ.

ತಿಪಟೂರು ಮೇಷ್ಟ್ರು
ನಾನು ಸುಮ್ಮನೆ ಹೇಳಿದವನಲ್ಲ. ನಿವೃತ್ತಿಯಾದ ವರ್ಷ ಕ್ಲೀನಿಂಗ್ ಮಾಡಿಸಿದೆ. ಮಾಡಿಸುವ ತನಕ ಕೊಬ್ಬರಿ ಕಡಿಯುತ್ತಿದ್ದೆ. ಮಾಡಿಸಿದ ಮೇಲೆ ಕೆಳಗಿನ ಮುಂದಿನ ನಾಲ್ಕು ಹಲ್ಲು ಅಲುಗಾಡತೊಡಗಿದವು, ಸಂದುಗಳು ತೆರೆದುಕೊಂಡವು, ಗಾಳಿ ತಾಗಿದರೂ ಜುಮ್ಮೆನ್ನುತ್ತಿತ್ತು. ಕೊನೆಗೆ ನಾಲ್ಕನ್ನೂ ಕೀಳಿಸಿದೆ. ಇದಕ್ಕೆ ಏನು ಹೇಳುತ್ತೀರಿ?

ಬೆಣ್ಣೆನಗರಿ ದಂತವೈದ್ಯೆ
ಸರ್, ನಿಮ್ಮ ಅನುಭವ ಸುಳ್ಳು ಎನ್ನುವುದಿಲ್ಲ. ಇದೇ ಕಥೆಯನ್ನು ಎಷ್ಟೋ ಹಿರಿಯರು ಹೇಳುತ್ತಾರೆ. ಆದರೆ ನಡೆದದ್ದು ಹೀಗಿರಬೇಕು: ಕೆಳಗಿನ ಮುಂಭಾಗದ ಹಲ್ಲುಗಳ ಒಳಮೈಗೆ ಜೊಲ್ಲಿನ ಗ್ರಂಥಿ ಹತ್ತಿರ, ಅಲ್ಲಿ ಗಾರೆ ಬೇಗ ಕಟ್ಟುತ್ತದೆ. ವರ್ಷಗಟ್ಟಲೆ ಕಟ್ಟಿದ ಗಾರೆಯ ಕೆಳಗೆ ಮೂಳೆ ಸದ್ದಿಲ್ಲದೆ ಕರಗುತ್ತದೆ. ಬೇಲಿಯ ಕಂಬದ ಬುಡದ ಮಣ್ಣು ಕೊಚ್ಚಿಹೋದ ಮೇಲೂ ಸುತ್ತಿದ ಬಳ್ಳಿ ಕಂಬವನ್ನು ಹಿಡಿದು ನಿಲ್ಲಿಸಿರುತ್ತದಲ್ಲ, ಹಾಗೆ ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಕಟ್ಟಿ ಹಾಕಿರುತ್ತದೆ. ಗಾರೆ ತೆಗೆದ ದಿನ ಬಯಲಾಗುವುದು ಹಳೆಯ ನಷ್ಟ. ಊದಿಕೊಂಡಿದ್ದ ವಸಡು ಊತ ಇಳಿದು ಕುಗ್ಗುವುದರಿಂದ ಬೇರು ಇನ್ನೂ ಹೆಚ್ಚು ಕಾಣುತ್ತದೆ, ಹಲ್ಲು ಜುಮ್ಮೆನ್ನುತ್ತದೆ.

ತಿಪಟೂರು ಮೇಷ್ಟ್ರು
ಒಪ್ಪಿದೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಇದನ್ನು ಮೊದಲೇ ಹೇಳಬಾರದಿತ್ತೇ? "ಯಜಮಾನರೇ, ಒಳಗೆ ಮೂಳೆ ಹೋಗಿದೆ, ತೆಗೆದ ಮೇಲೆ ಅಲುಗಾಡಬಹುದು, ಆದರೂ ತೆಗೆಯಬೇಕು, ಇಲ್ಲದಿದ್ದರೆ ಉಳಿದ ಹಲ್ಲಿಗೂ ಹಬ್ಬುತ್ತದೆ" ಎಂದು ಎರಡು ಮಾತು. ಕುರ್ಚಿಯಲ್ಲಿ ಮಲಗಿಸಿದರು, ಯಂತ್ರ ಹಾಕಿದರು, ದುಡ್ಡು ತೆಗೆದುಕೊಂಡರು. ಜನ ಕ್ಲೀನಿಂಗ್ ಎಂದರೆ ಹೆದರುವುದು ಈ ಮೌನದಿಂದ.

ಬೆಣ್ಣೆನಗರಿ ದಂತವೈದ್ಯೆ
ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ ಸರ್. ನೂರಕ್ಕೆ ನೂರು ನಿಜ. ಹೇಳಲೇಬೇಕಿತ್ತು.

ರಾತ್ರಿ ಪಾಳಿ
ನನ್ನದು ಬೇರೆ ವಿಷಯ. ಸಿಗರೇಟು ಸೇದುತ್ತೇನೆ, ಆದರೆ ನನ್ನ ವಸಡಿನಿಂದ ಇವತ್ತಿನವರೆಗೆ ಒಂದು ತೊಟ್ಟು ರಕ್ತ ಬಂದಿಲ್ಲ. ಆದ್ದರಿಂದ ಆ ರೋಗ ಇಲ್ಲ ಎಂದು ಧೈರ್ಯವಾಗಿರಬಹುದಲ್ಲವೇ?

ಮಂಗಳೂರು ಮಳೆ
ಇರಬಾರದು! ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರೋಗ ಇದ್ದರೂ ರಕ್ತ ಬರುವುದಿಲ್ಲ, ವಸಡು ಕೆಂಪಾಗುವುದಿಲ್ಲ. ಸೇದುವವರಿಗೆ ಗೊತ್ತಾಗುವಷ್ಟರಲ್ಲಿ ಹಲ್ಲು ಅಲುಗಾಡುತ್ತಿರುತ್ತದೆ. ನಮ್ಮ ಚಿಕ್ಕಪ್ಪನವರದ್ದು ಇದೇ ಕಥೆ. ಸೇದುವುದನ್ನು ಬಿಟ್ಟ ಕೆಲವು ವಾರಗಳಿಗೆ ವಸಡಿನಿಂದ ರಕ್ತ ಬರತೊಡಗಿತು, ಬಿಟ್ಟದ್ದೇ ತಪ್ಪಾಯಿತು ಎಂದುಕೊಂಡರು. ಅಷ್ಟು ದಿನ ಅಡಗಿದ್ದದ್ದು ಆಗ ಹೊರಬಂತು, ಅಷ್ಟೇ. ಹೋಗಿ ಅಳೆಸಿಕೊಳ್ಳಿ.

ರಾತ್ರಿ ಪಾಳಿ
ಇದು ನನಗೆ ಯಾರೂ ಹೇಳಿರಲಿಲ್ಲ. ಹೋಗುತ್ತೇನೆ.

ಪಾವಗಡ ಬಿಸಿಲು
ಉಜ್ಜುವ ಮಾತು ಬಂದಿದ್ದರಿಂದ ನಮ್ಮ ಕಡೆಯ ಸಂಕಟವನ್ನೂ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನಾವು ಚಿಕ್ಕವರಿದ್ದಾಗ ಕುಡಿದದ್ದು ಅದನ್ನೇ. ನನ್ನ ವಯಸ್ಸಿನ ಬಹಳಷ್ಟು ಜನರ ಹಲ್ಲಿನ ಮೇಲೆ ಕಂದು ಪಟ್ಟೆ ಇವೆ. ಹೆಣ್ಣು ನೋಡಲು ಬರುತ್ತಾರೆ, ಕೆಲಸದ ಸಂದರ್ಶನ ಇದೆ ಎಂದರೆ ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಸಿಕ್ಕಿದ್ದರಲ್ಲಿ ತಿಕ್ಕಿ ತಿಕ್ಕಿ ವಸಡು ಹೋಯಿತೇ ಹೊರತು ಕಲೆ ಹೋಗಲಿಲ್ಲ. ನನ್ನ ಅಕ್ಕ ನಗುವಾಗ ಇವತ್ತಿಗೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಬೆಣ್ಣೆನಗರಿ ದಂತವೈದ್ಯೆ
ಓದಿ ಸಂಕಟವಾಯಿತು. ಆ ಕಲೆ ಮೇಲೆ ಅಂಟಿದ್ದಲ್ಲ, ಮಕ್ಕಳ ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಎನಾಮೆಲ್‌ನಲ್ಲಿ ಸೇರಿದ್ದು. ತಿಕ್ಕಿದರೆ ಹೋಗುವ ಮಾತೇ ಇಲ್ಲ. ಕಲೆಯ ತೀವ್ರತೆ ನೋಡಿ ಬ್ಲೀಚಿಂಗ್, ಹಲ್ಲಿನ ಬಣ್ಣದ ಲೇಪ, ತೆಳು ಹೊದಿಕೆ ಎಂದು ಹಲವು ಚಿಕಿತ್ಸೆಗಳಿವೆ. ನಿಮ್ಮ ಅಕ್ಕನನ್ನು ಒಮ್ಮೆ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ.

ಬಯಲು ಎಂಜಿನಿಯರ್
ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದ್ದನ್ನೇ ಮಕ್ಕಳಿಗೆ ಕುಡಿಸಿ, ಘಟಕದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಯನ್ನು ಒತ್ತಾಯಿಸಿ.

ಕಷಾಯಪ್ರಿಯ
ಹಾಗಾದರೆ ಫ್ಲೋರೈಡ್ ಇರುವ ಪೇಸ್ಟ್ ಯಾಕೆ ಬೇಕು? ನೀರಿನಲ್ಲಿ ವಿಷ, ಪೇಸ್ಟಿನಲ್ಲಿ ಅಮೃತವೇ?

ಬೆಣ್ಣೆನಗರಿ ದಂತವೈದ್ಯೆ
ಕೇಳಬೇಕಾದ ಪ್ರಶ್ನೆಯೇ. ನೀರನ್ನು ನುಂಗುತ್ತೇವೆ, ಪೇಸ್ಟನ್ನು ಉಗುಳುತ್ತೇವೆ. ಕಲೆ ಬರುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ನುಂಗಿದ್ದರಿಂದ. ಅದಕ್ಕೇ ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು ಎನ್ನುವುದು. ವಸಡು ಸರಿದವರಿಗಂತೂ ಫ್ಲೋರೈಡ್ ಹೆಚ್ಚು ಬೇಕು: ಬಯಲಾದ ಬೇರು ಎನಾಮೆಲ್‌ಗಿಂತ ಬಹಳ ಬೇಗ ಹುಳುಕಾಗುತ್ತದೆ, ಎನಾಮೆಲ್ ತಡೆದುಕೊಳ್ಳುವಷ್ಟು ಆಮ್ಲವನ್ನು ಅದು ತಡೆದುಕೊಳ್ಳುವುದಿಲ್ಲ.

ಅಡಿಕೆ ತೋಟ
ನಮ್ಮ ಅಜ್ಜಿ ತೊಂಬತ್ತರವರೆಗೆ ಎಲೆಅಡಿಕೆ ಹಾಕಿದರು, ಹಲ್ಲು ಕಲ್ಲಿನಂತಿತ್ತು. ಈಗ ನೋಡಿದರೆ ಹಲ್ಲಿನ ಡಾಕ್ಟರು ಅಡಿಕೆಯನ್ನೇ ಬೈಯುತ್ತಾರೆ. ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ಎಲ್ಲರಿಗೂ ಎಷ್ಟು ಉತ್ಸಾಹ!

ಮಂಗಳೂರು ಮಳೆ
ಈ ಚರ್ಚೆಯಲ್ಲಿ ಯಾರೂ ಅಡಿಕೆಯ ಹೆಸರೆತ್ತಿರಲಿಲ್ಲವಲ್ಲ ಅಣ್ಣ. ಎತ್ತಿದ್ದೀರಿ, ಆದ್ದರಿಂದ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನನ್ನ ಅಪ್ಪನದೂ ಪುತ್ತೂರು ಕಡೆ ತೋಟವೇ. ಬೆಳೆಗಾರರಿಗೆ ಪರ್ಯಾಯ ಕೊಡಬೇಕಾದದ್ದು ಸರ್ಕಾರ. ಅದಕ್ಕಾಗಿ, ಅಡಿಕೆ ಅಗಿದು ಅಗಿದು ಬಾಯಿ ತೆರೆಯಲಾಗದೆ ಬೆರಳು ತೂರಿಸಿ ಅನ್ನ ತಿನ್ನುವ ಹುಡುಗರ ವಿಷಯ ಮುಚ್ಚಿಡಲಾಗದು.

ಅಡಿಕೆ ತೋಟ
ಆ ಹುಡುಗರು ತಿನ್ನುವುದು ಗುಟ್ಕಾ. ನಮ್ಮ ಮನೆಯ ತಟ್ಟೆಯಲ್ಲಿರುವ ಅಡಿಕೆ ಅಲ್ಲ.

ಬಯಲು ಎಂಜಿನಿಯರ್
ಗುಟ್ಕಾ ಕರ್ನಾಟಕದಲ್ಲಿ 2013ರಿಂದಲೇ ನಿಷೇಧ. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಡುತ್ತಾರೆ, ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಹಲ್ಲುಪುಡಿಯಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು, ಆದರೂ ಕೆಲವು ಹಿರಿಯರು ಹೊಗೆಸೊಪ್ಪನ್ನು ಸುಟ್ಟು ವಸಡಿಗೆ ಉಜ್ಜುವುದನ್ನು ಬಿಟ್ಟಿಲ್ಲ.

ಬೆಣ್ಣೆನಗರಿ ದಂತವೈದ್ಯೆ
ಹೊಗೆಸೊಪ್ಪು, ಕಡ್ಡಿಪುಡಿಯನ್ನು ಕೆನ್ನೆಯ ಯಾವ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರೋ ಸರಿಯಾಗಿ ಅಲ್ಲೇ ವಸಡು ಸರಿದಿರುತ್ತದೆ. ಬಾಯಿ ತೆರೆದರೆ ಯಾವ ಕಡೆ ಇಡುತ್ತಾರೆ ಎಂದು ನಾನೇ ಹೇಳಿಬಿಡಬಹುದು. ಅಲ್ಲಿ ಬಿಳಿ ಮಚ್ಚೆ, ಮಾಯದ ಹುಣ್ಣು ಇದ್ದರೆ ಒಂದು ದಿನವೂ ತಡಮಾಡಬಾರದು.

ಧಾರವಾಡದ ಓದುಗ
ಮತ್ತೆ ಹೇಮಾವತಿ ಅವರ ಪ್ರಶ್ನೆಗೆ ಬರೋಣ. ನಾನು ಕಸಿ ಮಾಡಿಸಿಕೊಂಡಿದ್ದೇನೆ. ಕೆಳಗಿನ ಮುಂದಿನ ಹಲ್ಲೊಂದರ ವಸಡು ಪೂರ್ತಿ ಇಳಿದಿತ್ತು. ತುಟಿಯ ಒಳಗಿನಿಂದ ವಸಡಿಗೆ ಅಂಟಿದ ತೆಳು ಪಟ್ಟಿ ಬಹಳ ಮೇಲಿತ್ತು, ಮಾತನಾಡಿದಾಗಲೆಲ್ಲ ವಸಡನ್ನು ಎಳೆಯುತ್ತಿತ್ತು. ಬೆಂಗಳೂರಿನ ಮಗನ ಮನೆಯಲ್ಲಿ ಉಳಿದುಕೊಂಡು ಸರ್ಕಾರಿ ದಂತ ಕಾಲೇಜಿಗೆ ಹೋದೆ, ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಇರುವುದು. ಕಾಯಬೇಕು, ತಾಳ್ಮೆ ಬೇಕು, ಆದರೆ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಎದುರೇ ಮಾಡುತ್ತಾರೆ, ಖರ್ಚು ಖಾಸಗಿಯವರಿಗೆ ಹೋಲಿಸಿದರೆ ತೀರಾ ಕಡಿಮೆ.

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಪಟ್ಟಿಯನ್ನು ಬಿಡಿಸಿದರು, ಅಂಗುಳದಿಂದ ಉಗುರಿನಷ್ಟು ತುಂಡು ತೆಗೆದು ಇಲ್ಲಿ ಹೊಲಿದರು. ನಿಜ ಹೇಳಬೇಕೆಂದರೆ ಕಸಿ ಮಾಡಿದ ಜಾಗ ನೋಯಲಿಲ್ಲ, ನೋವಾದದ್ದು ಅಂಗುಳಕ್ಕೆ. ಬಿಸಿ ರೊಟ್ಟಿ ತಿಂದ ಬಾಯಿಗೆ ಮೊಸರನ್ನ, ಗಂಜಿ, ತಣ್ಣನೆಯ ರಾಗಿ ಅಂಬಲಿ. ಹೊಲಿಗೆ ಬಿಚ್ಚುವವರೆಗೆ ಆ ಹಲ್ಲನ್ನು ಉಜ್ಜುವಂತಿಲ್ಲ, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದಿಂದ ಮುಕ್ಕಳಿಸಬೇಕು. ತುಟಿ ಎತ್ತಿ ಎತ್ತಿ ನೋಡಬೇಡಿ ಎಂದು ಗದರಿಸಿ ಕಳುಹಿಸಿದರು, ಎಳೆದರೆ ಕಸಿ ಬಿಟ್ಟುಬರುತ್ತದೆಯಂತೆ.

ಹೇಮಾವತಿ ದಂಡೆ
ಬೇರು ಪೂರ್ತಿ ಮುಚ್ಚಿತೇ ಸರ್?

ಧಾರವಾಡದ ಓದುಗ
ಪೂರ್ತಿ ಇಲ್ಲ, ಮುಕ್ಕಾಲು ಭಾಗ. ಹಲ್ಲುಗಳ ನಡುವಿನ ಮೂಳೆ ಸ್ವಲ್ಪ ಹೋಗಿದೆ, ಪೂರ್ತಿ ಮುಚ್ಚುವುದಿಲ್ಲ ಎಂದು ಮೊದಲೇ ಹೇಳಿದ್ದರು. ಈಗ ಅಲ್ಲಿನ ವಸಡು ದಪ್ಪಗಾಗಿದೆ, ಎಳೆತವಿಲ್ಲ. ನನಗೆ ತೃಪ್ತಿ ಇದೆ.

ಬೆಣ್ಣೆನಗರಿ ದಂತವೈದ್ಯೆ
ಮುಖ್ಯವಾದ ಮಾತು ಹೇಳಿದಿರಿ. ಕಸಿಯ ಫಲ ನಿಂತಿರುವುದು ಹಲ್ಲುಗಳ ನಡುವಿನ ತ್ರಿಕೋನದ ವಸಡು ಮತ್ತು ಅದರ ಕೆಳಗಿನ ಮೂಳೆಯ ಮೇಲೆ. ವಸಡು ಎಷ್ಟು ಸರಿದಿದೆ ಎಂದು ಗುರುತಿಸಲು ಈಗ ನಾವು ಬಳಸುವ 2011ರ ವರ್ಗೀಕರಣ ಇದನ್ನೇ ನೋಡುತ್ತದೆ: ನಡುವೆ ನಷ್ಟವಿಲ್ಲದಿದ್ದರೆ ಬೇರು ಪೂರ್ತಿ ಮುಚ್ಚುವ ಭರವಸೆ ಹೆಚ್ಚು, ಹಲ್ಲಿನ ಮುಂಭಾಗಕ್ಕಿಂತ ನಡುವೆಯೇ ಹೆಚ್ಚು ನಷ್ಟವಾಗಿದ್ದರೆ ಪೂರ್ತಿ ಮುಚ್ಚುವುದಿಲ್ಲ. ಒಂದೆರಡು ಮಿಲಿಮೀಟರ್ ಸರಿದು ಅಲ್ಲೇ ನಿಂತಿದ್ದರೆ, ನೋಟದ ಚಿಂತೆ ಇಲ್ಲದಿದ್ದರೆ ಕಸಿಯ ಅಗತ್ಯವೇ ಇರುವುದಿಲ್ಲ. ಸರಿಯುತ್ತಲೇ ಇದ್ದರೆ, ಜುಮ್ಮೆನ್ನುವುದು ಯಾವುದಕ್ಕೂ ಬಗ್ಗದಿದ್ದರೆ ಆಗ ಯೋಚಿಸಬೇಕು.

ಪಾವಗಡ ಬಿಸಿಲು
ದಂತ ಭಾಗ್ಯ ಯೋಜನೆಯಲ್ಲಿ ಈ ಕಸಿ ಬರುತ್ತದೆಯೇ?

ಬೆಣ್ಣೆನಗರಿ ದಂತವೈದ್ಯೆ
ಅದು ಹಲ್ಲು ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಕೃತಕ ದಂತಪಂಕ್ತಿ ಕೊಡುವ ಯೋಜನೆ. ಹಲ್ಲು ಹೋದ ಮೇಲೆ ಸಹಾಯವಿದೆ, ಉಳಿಸಿಕೊಳ್ಳುವುದಕ್ಕೂ ಇಂಥದ್ದೊಂದು ಇರಬೇಕಿತ್ತು ಎಂಬ ಕೊರಗು ನನಗಿದೆ.

ಮಂಗಳೂರು ಮಳೆ
ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ. ವಸಡಿನಿಂದ ರಕ್ತ ಬರುತ್ತದೆ ಎಂದು ಆ ಕಡೆ ಬ್ರಷ್ ತಾಗಿಸುವುದನ್ನೇ ಬಿಟ್ಟಿದ್ದರು. ಬಿಟ್ಟಷ್ಟೂ ಕೊಳೆ ಕೂತು ರಕ್ತ ಹೆಚ್ಚಾಯಿತು. ವಸಡಿನ ಚಿಕಿತ್ಸೆ ಮಾಡಿಸಿದ ಮೇಲೆ ಸಕ್ಕರೆಯ ಮಟ್ಟವೂ ಸ್ವಲ್ಪ ಹತೋಟಿಗೆ ಬಂತು. ಒಂದಕ್ಕೊಂದು ಸಂಬಂಧವಿದೆ ಎಂದು ವೈದ್ಯರು ಹೇಳಿದರು.

ಬೆಣ್ಣೆನಗರಿ ದಂತವೈದ್ಯೆ
ಹೌದು, ಎರಡೂ ಕಡೆಯ ಸಂಬಂಧ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಬಿರುಸಾಗುತ್ತದೆ, ವಸಡಿನ ಉರಿಯೂತ ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ನಾನು ದಿನವೂ ಕಾಣುವುದು ಇದನ್ನೇ: ರೋಗ ಇರುವವರು ರಕ್ತಕ್ಕೆ ಹೆದರಿ ಉಜ್ಜುವುದನ್ನು ನಿಲ್ಲಿಸುತ್ತಾರೆ, ಪೆಟ್ಟಿನಿಂದ ಸರಿದವರು ಹಲ್ಲು ಹಾಳಾಗುತ್ತಿದೆ ಎಂದು ಇನ್ನೂ ಜೋರಾಗಿ ಉಜ್ಜುತ್ತಾರೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಾದರೂ ಕೆಡುಕು.

ರಾತ್ರಿ ಪಾಳಿ
ಹಾಗಾದರೆ ಹೇಗೆ ಉಜ್ಜಬೇಕು ಎಂದು ಬಿಡಿಸಿ ಹೇಳಿ ಡಾಕ್ಟರೇ.

ಬೆಣ್ಣೆನಗರಿ ದಂತವೈದ್ಯೆ
ಮೆತ್ತನೆಯ ಬ್ರಷ್. ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿಯಿರಿ, ಆಗ ಒತ್ತಬೇಕೆಂದರೂ ಆಗುವುದಿಲ್ಲ. ಎಳೆಗಳ ತುದಿ ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿರಲಿ. ಇದ್ದಲ್ಲೇ ಸಣ್ಣಗೆ ಅಲುಗಿಸಿ ಹಲ್ಲಿನ ತುದಿಯ ಕಡೆಗೆ ಉರುಳಿಸಿ. ಎರಡು ನಿಮಿಷ. ಮೂರು ತಿಂಗಳಿಗೆ ಮೊದಲೇ ಎಳೆಗಳು ಕವಲೊಡೆದರೆ ನೀವು ಒತ್ತುತ್ತಿದ್ದೀರಿ ಎಂದೇ ಅರ್ಥ. ಹುಣಸೆ, ನಿಂಬೆ ಶರಬತ್ತು ಕುಡಿದ ಕೂಡಲೇ ಉಜ್ಜಬೇಡಿ, ಅರ್ಧ ಗಂಟೆ ಬಿಡಿ. ಸಂದುಗಳಿಗೆ ಬೆಂಕಿಕಡ್ಡಿ, ಸೇಫ್ಟಿ ಪಿನ್ ಹಾಕಬೇಡಿ, ಔಷಧಿ ಅಂಗಡಿಯಲ್ಲಿ ಸಿಗುವ ಸಂದಿನ ಪುಟ್ಟ ಬ್ರಷ್ ಸಾಕು.

ಜುಮ್ಮೆನ್ನುವುದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಬಹುದು. ಎರಡರಿಂದ ನಾಲ್ಕು ವಾರ ಬೇಕು, ಮೂರನೇ ದಿನಕ್ಕೆ ಬೇಸತ್ತು ಬಿಡಬೇಡಿ. ಉಜ್ಜಿದ ಮೇಲೆ ಗಡಗಡ ನೀರು ಮುಕ್ಕಳಿಸದೆ ಉಗುಳಿ ಬಿಡಿ.

ಹೇಮಾವತಿ ದಂಡೆ
ಎಲ್ಲರಿಗೂ ಸುದ್ದಿ: ದಂತ ಕಾಲೇಜೊಂದರ ಪೆರಿಯೊಡಾಂಟಿಕ್ಸ್ (ವಸಡಿನ ಚಿಕಿತ್ಸೆ) ವಿಭಾಗಕ್ಕೆ ಹೋಗಿ ಬಂದೆ. ಎಲ್ಲ ಹಲ್ಲನ್ನೂ ಅಳೆದರು, ಒಬ್ಬರು ಅಂಕಿ ಹೇಳುತ್ತಾ ಹೋದರು, ಇನ್ನೊಬ್ಬರು ಬರೆದುಕೊಂಡರು. ಎಲ್ಲೂ 3 ದಾಟಿಲ್ಲ. ಕೋರೆಹಲ್ಲಿನಲ್ಲಿ ಬೇರು 2 ಮಿಲಿಮೀಟರ್ ಬಯಲಾಗಿದೆ, ನಡುವಿನ ವಸಡು ಗಟ್ಟಿಯಾಗಿದೆ. ರೋಗವಲ್ಲ, ಬ್ರಷ್ಷೇ ಕಾರಣ ಎಂದರು. ಕೊರಕಲಿಗೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿಸುವುದು ಈಗ ಬೇಡ, ಮೊದಲು ಉಜ್ಜುವ ರೀತಿ ಬದಲಾಗಲಿ, ಆರು ತಿಂಗಳ ನಂತರ ಇದೇ ಅಳತೆ ಮತ್ತೆ ನೋಡೋಣ ಎಂದರು. ಕಸಿಯ ಮಾತೇ ಬರಲಿಲ್ಲ.

ತಿಪಟೂರು ಮೇಷ್ಟ್ರು
ಒಳ್ಳೆಯದಾಯಿತು ತಾಯಿ. ಆ ಅಂಕಿ ಬರೆದ ಹಾಳೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳಿ. ಮುಂದಿನ ಸಲ ಬೇರೆ ವೈದ್ಯರಿರುತ್ತಾರೆ, ಹಾಳೆ ಅವರ ಬಳಿ ಇರುತ್ತದೋ ಇಲ್ಲವೋ.

ಪಾವಗಡ ಬಿಸಿಲು
ನನ್ನ ಮಗಳಿಗೆ 13 ವರ್ಷ, ಹಲ್ಲಿಗೆ ಕ್ಲಿಪ್ ಹಾಕಿಸಬೇಕೆಂದಿದ್ದೇವೆ. ಕ್ಲಿಪ್‌ನಿಂದಲೂ ವಸಡು ಸರಿಯುತ್ತದೆ ಎಂದು ಕೇಳಿದೆ. ಬಿಟ್ಟುಬಿಡುವುದೇ?

ಬೆಣ್ಣೆನಗರಿ ದಂತವೈದ್ಯೆ
ಬಿಡಬೇಡಿ. ವಸಡು ತೆಳುವಾಗಿರುವ ಕಡೆ ಹಲ್ಲನ್ನು ಮೂಳೆಯ ಆಚೆಗೆ ತಳ್ಳಿದರೆ ಸರಿಯುವ ಸಾಧ್ಯತೆ ಇದೆ, ಅದಕ್ಕೇ ಕ್ಲಿಪ್ ಹಾಕುವ ಮೊದಲು ವಸಡಿನ ದಪ್ಪ ನೋಡಿ ಎಂದು ಕೇಳಿ. ಕ್ಲಿಪ್ ಇರುವಷ್ಟು ದಿನ ತಂತಿಯ ಕೆಳಗೆ ಅನ್ನದ ಅಗುಳು ಕೂರುತ್ತದೆ, ರಾತ್ರಿ ಮಲಗುವ ಮುಂಚೆ ಅವಳು ಉಜ್ಜಿದ್ದನ್ನು ನೀವು ಟಾರ್ಚ್ ಹಾಕಿ ಒಮ್ಮೆ ನೋಡಿ. ಕೆಳಗಿನ ಮುಂದಿನ ಹಲ್ಲುಗಳನ್ನು ವಿಶೇಷವಾಗಿ ನೋಡಿ.

ಪಾವಗಡ ಬಿಸಿಲು
ಆಗಲಿ ಡಾಕ್ಟರೇ. ಅಕ್ಕನನ್ನೂ ಅದೇ ದಿನ ಕರೆದುಕೊಂಡು ಹೋಗುತ್ತೇನೆ.